ಎರಡು ಎಎ ಸೆಲ್ಲಿನ ಬಣ್ಣದ ಟಾರ್ಚು: ನಾನು ಪರೀಕ್ಷಿಸುವ ಬಗೆ

ಬಣ್ಣದ ಟಾರ್ಚು ಕೈಗೆ ಬಂದ ಕೂಡಲೇ ಬಿಳಿ ಬೆಳಕನ್ನು ಪೂರ್ತಿ ಏರಿಸಿ ಗೋಡೆಗೆ ಬಿಟ್ಟು ನೋಡುವುದು ರೂಢಿ. ನಾನು ಶುರು ಮಾಡುವುದು ಇನ್ನೊಂದು ತುದಿಯಿಂದ. ಕೆಂಪು ಬೆಳಕು ಎಷ್ಟು ಮಂದವಾಗಬಲ್ಲದು, ಸ್ವಿಚ್ಚು ಒತ್ತಿದಾಗ ಮೊದಲು ಯಾವ ಬಣ್ಣ ಬರುತ್ತದೆ, ಸೆಲ್ಲು ಅರ್ಧ ಇಳಿದ ಮೇಲೂ ಹಸಿರು ಉರಿಯುತ್ತದೆಯೇ ಎಂಬ ಮೂರು ಪ್ರಶ್ನೆಗೆ ಉತ್ತರ ಸಿಕ್ಕರೆ ಟಾರ್ಚಿನ ಮುಕ್ಕಾಲು ಯೋಗ್ಯತೆ ಗೊತ್ತಾದಂತೆ. ಇಲ್ಲಿ ಹೇಳುತ್ತಿರುವುದು ಜೇಬಿಗೆ ಹೋಗುವ ಅಳತೆಯ, ಎರಡು ಎಎ ಸೆಲ್ಲಿನ, ನಡುವೆ ಒಂದು ಬಿಳಿ ಎಲ್‌ಇಡಿ, ಪಕ್ಕದಲ್ಲಿ ಕೆಂಪು, ಹಸಿರು, ನೀಲಿಯ ಸಣ್ಣ ಎಲ್‌ಇಡಿಗಳಿರುವ ಮಾದರಿಯ ವಿಷಯ. ಅಂಗಡಿಯಲ್ಲಿ ಪೆನ್ಸಿಲ್ ಸೆಲ್ಲು ಎಂದು ಕೊಡುವುದು ಸಾಮಾನ್ಯವಾಗಿ ಈ ಎಎಯನ್ನೇ: 14.5 ಮಿ.ಮೀ. ದಪ್ಪ, 50.5 ಮಿ.ಮೀ. ಉದ್ದ.

ಮೊದಲು ಒಳಗಿನ ಲೆಕ್ಕ. ಕೆಂಪು ಎಲ್‌ಇಡಿ ಉರಿಯಲು ಸುಮಾರು 2 ವೋಲ್ಟ್ ಸಾಕು. ಹಸಿರು, ನೀಲಿ, ಬಿಳಿ ಮೂರಕ್ಕೂ 3 ವೋಲ್ಟ್ ಆಸುಪಾಸು ಬೇಕು. ಎರಡು ಹೊಸ ಆಲ್ಕಲೈನ್ ಸೆಲ್ಲು ಸೇರಿದರೆ 3 ವೋಲ್ಟ್‌ಗಿಂತ ಸ್ವಲ್ಪ ಹೆಚ್ಚು, ರೀಚಾರ್ಜ್ ಆಗುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲಾದರೆ 2.4. ಅಂದರೆ ವೋಲ್ಟೇಜ್ ಏರಿಸಿ ಕೊಡುವ ಬೂಸ್ಟ್ ಸರ್ಕ್ಯೂಟ್ ಒಳಗಿಲ್ಲದಿದ್ದರೆ ಹಸಿರು ಮತ್ತು ನೀಲಿ ಹೊಸ ಸೆಲ್ಲಿನ ಮೊದಲ ಕೆಲವು ಗಂಟೆಗಷ್ಟೇ ಸರಿಯಾಗಿ ಬೆಳಗುತ್ತವೆ. ತಯಾರಕರು ಬಿಳಿಗೆ ಬೂಸ್ಟ್ ಹಾಕಿ, ಬಣ್ಣಗಳಿಗೆ ಕರೆಂಟ್ ತಗ್ಗಿಸುವ ಬರೀ ರೆಸಿಸ್ಟರ್ ಕೊಟ್ಟು ಮುಗಿಸಿರುವುದುಂಟು. ಪೆಟ್ಟಿಗೆಯ ಮೇಲೆ ಇದನ್ನು ಬರೆದಿರುವುದಿಲ್ಲ, ನಾವೇ ಕಂಡುಹಿಡಿಯಬೇಕು.

ಕಂಡುಹಿಡಿಯುವ ದಾರಿ ಸುಲಭ. ಮೊದಲು ಹೊಸ ಆಲ್ಕಲೈನ್ ಹಾಕಿ ಪ್ರತಿ ಬಣ್ಣ ಎಳೆಯುವ ಕರೆಂಟ್ ಅಳೆಯುತ್ತೇನೆ. ಆಮೇಲೆ ಚಾರ್ಜ್ ಮಾಡಿ ಒಂದು ದಿನ ಬಿಟ್ಟ ರೀಚಾರ್ಜ್ ಸೆಲ್ಲು ಹಾಕಿ ಮತ್ತೆ ಅಳೆಯುತ್ತೇನೆ. ವೋಲ್ಟೇಜ್ ಇಳಿದಾಗ ಕರೆಂಟೂ ಇಳಿದರೆ ಒಳಗಿರುವುದು ರೆಸಿಸ್ಟರ್. ವೋಲ್ಟೇಜ್ ಇಳಿದಾಗ ಕರೆಂಟ್ ಏರಿದರೆ ಬೂಸ್ಟ್ ಇದೆ ಎಂದರ್ಥ, ಏಕೆಂದರೆ ಅದೇ ಬೆಳಕಿಗೆ ಅಷ್ಟೇ ವಾಟ್ ಬೇಕು. ಕೆಂಪಿಗೆ 50 ಓಮ್‌ನ ರೆಸಿಸ್ಟರ್ ಇದೆ ಎಂದುಕೊಳ್ಳಿ. 3 ವೋಲ್ಟ್‌ನಲ್ಲಿ ಎಲ್‌ಇಡಿಯ 2 ವೋಲ್ಟ್ ಕಳೆದು ಉಳಿದ 1 ವೋಲ್ಟಿಗೆ 20 ಮಿಲಿಆಂಪಿಯರ್ ಹರಿಯುತ್ತದೆ. 2.4 ವೋಲ್ಟ್‌ನಲ್ಲಿ ಉಳಿಯುವುದು 0.4, ಹರಿಯುವುದು 8. ಸೆಲ್ಲಿನ ಜಾತಿ ಬದಲಾದದ್ದಕ್ಕೇ ಬೆಳಕು ಅರ್ಧಕ್ಕಿಂತ ಕೆಳಗೆ ಬಂತು. ಕೆಂಪಿಗೆ ಇದು ದೋಷವೇನಲ್ಲ, ಎಷ್ಟೋ ಸಲ ಅನುಕೂಲವೇ. ಅದೇ ಏರ್ಪಾಡಿನ ಹಸಿರು ಮಾತ್ರ 2.4 ವೋಲ್ಟ್‌ನಲ್ಲಿ ಮಿಣುಕುವುದೂ ಕಷ್ಟ.

ಕರೆಂಟ್ ಅಳೆಯುವಾಗ ಎಡವುವುದು ಮಲ್ಟಿಮೀಟರಿನಿಂದಲೇ. ಮಿಲಿಆಂಪಿಯರ್ ರೇಂಜಿನಲ್ಲಿ ಮೀಟರಿನೊಳಗಿನ ರೋಧ 1 ಓಮ್‌ನಷ್ಟಿರಬಹುದು. ಅರ್ಧ ಆಂಪಿಯರ್ ಎಳೆಯುವ ಬಿಳಿ ಬೆಳಕಿಗೆ ಅಲ್ಲೇ ಅರ್ಧ ವೋಲ್ಟ್ ನಷ್ಟ; ಟಾರ್ಚು ಮಂಕಾಗುತ್ತದೆ, ಅಥವಾ ಮೀಟರಿನ ಫ್ಯೂಸ್ ಹೋಗುತ್ತದೆ. ಬಿಳಿಗೆ 10 ಆಂಪಿಯರ್ ತೂತು ಬಳಸಿ, ಮೀಟರಿನ ಜೊತೆ ಬಂದ ತೆಳು ವೈರಿನ ಬದಲು ಮನೆ ವೈರಿಂಗಿನ 1.5 ಚದರ ಮಿ.ಮೀ. ತಾಮ್ರದ ವೈರಿನ ಗಿಡ್ಡ ತುಂಡುಗಳನ್ನು ಹಾಕುತ್ತೇನೆ. ಹಿಂದೆ ಬಿರಡೆ ಇರುವ ಕೊಳವೆಯಾಕಾರದ ಟಾರ್ಚಾದರೆ ಬಿರಡೆ ತೆಗೆದು ಒಂದು ವೈರು ಸೆಲ್ಲಿನ ತಳಕ್ಕೆ, ಇನ್ನೊಂದು ಕೊಳವೆಯ ಅಂಚಿನ ಬರಿ ಲೋಹಕ್ಕೆ. ಅಂಚಿಗೂ ಬಣ್ಣದ ಲೇಪವಿದ್ದರೆ ಕರೆಂಟ್ ಹರಿಯುವುದಿಲ್ಲ, ಲೇಪವಿಲ್ಲದ ಹೊಳೆಯುವ ಜಾಗ ಹುಡುಕಬೇಕು. ಸೆಲ್ಲುಗಳು ಅಕ್ಕಪಕ್ಕ ಕೂರುವ ಚಪ್ಪಟೆ ಟಾರ್ಚಿಗೆ ಬೇರೆ ಉಪಾಯ: ತೆಳು ತಾಮ್ರದ ಹಾಳೆಯ ಎರಡು ಪಟ್ಟಿಗಳ ನಡುವೆ ಪ್ಲಾಸ್ಟಿಕ್ ಹಾಳೆ ಇಟ್ಟು, ಆ ಮೂರು ಪದರವನ್ನು ಸೆಲ್ಲು ಮತ್ತು ಸ್ಪ್ರಿಂಗಿನ ನಡುವೆ ತೂರಿಸಿ, ಎರಡು ಪಟ್ಟಿಗೆ ಮೀಟರ್ ಜೋಡಿಸುವುದು.

ಅಳತೆ ಸಿಕ್ಕರೆ ಎಷ್ಟು ಹೊತ್ತು ಉರಿಯುತ್ತದೆ ಎಂದು ಅಂದಾಜು ಮಾಡಬಹುದು. ಬಿಳಿ ಎಲ್‌ಇಡಿಗೆ 3 ವೋಲ್ಟ್‌ನಲ್ಲಿ 350 ಮಿಲಿಆಂಪಿಯರ್ ಹೋಗುತ್ತಿದೆ ಎಂದರೆ ಸುಮಾರು 1.05 ವಾಟ್. ಬೂಸ್ಟಿನ ದಕ್ಷತೆ ಶೇ. 80 ಎಂದಿಟ್ಟರೆ ಸೆಲ್ಲಿನಿಂದ 1.3 ವಾಟ್, 2.4 ವೋಲ್ಟಿಗೆ 0.55 ಆಂಪಿಯರ್. 2000 ಮಿಲಿಆಂಪಿಯರ್-ಗಂಟೆಯ ರೀಚಾರ್ಜ್ ಸೆಲ್ಲು ಮೂರೂವರೆ ಗಂಟೆ ಕೊಡಬೇಕು. ಆಲ್ಕಲೈನಿಗೆ ಈ ಲೆಕ್ಕ ಹಿಡಿಯಬೇಡಿ. ಅದರ ಮೇಲಿನ 2500ರಂಥ ಅಂಕಿ ನಿಧಾನವಾಗಿ ಎಳೆದಾಗಿನದು. ಅರ್ಧ ಆಂಪಿಯರ್ ಎಳೆದರೆ ಅದರಲ್ಲಿ ದೊಡ್ಡ ಪಾಲು ಕೈಗೆ ಸಿಗುವುದಿಲ್ಲ. ಇನ್ನು ಅಗ್ಗದ ಜಿಂಕ್-ಕಾರ್ಬನ್ ಸೆಲ್ಲು ಗೋಡೆ ಗಡಿಯಾರಕ್ಕೆ ಸರಿ, ಪೂರ್ತಿ ಏರಿಸಿದ ಬಿಳಿ ಬೆಳಕಿಗೆ ಖಂಡಿತ ಅಲ್ಲ.

ಅಂದಾಜನ್ನು ನಿಜವಾದ ಪರೀಕ್ಷೆಗೆ ಒಡ್ಡುವುದು ಹೀಗೆ. ಬಿಳಿ ಸೂರಿನ ಸಣ್ಣ ಕೋಣೆ, ಬಚ್ಚಲಾದರೂ ಸರಿ. ಬಾಗಿಲು ಕಿಟಕಿ ಮುಚ್ಚಿ, ಟಾರ್ಚನ್ನು ನೆಲದ ಮೇಲೆ ಸೂರಿನತ್ತ ನಿಲ್ಲಿಸಿ, ಒಂದು ಮೀಟರ್ ದೂರದಲ್ಲಿ ಬೆಳಕು ಅಳೆಯುವ ಲಕ್ಸ್ ಮೀಟರಿನ ಸೆನ್ಸರನ್ನು ಮೇಲ್ಮುಖವಾಗಿ ಇಡುತ್ತೇನೆ. ಎರಡರ ಜಾಗವನ್ನೂ ಸೀಮೆಸುಣ್ಣದಲ್ಲಿ ಗುರುತು ಮಾಡುತ್ತೇನೆ, ಒಂದು ಅಂಗುಲ ಸರಿದರೂ ಅಂಕಿ ಬದಲಾಗುತ್ತದೆ. ಹಚ್ಚಿ 30 ಸೆಕೆಂಡಿಗೆ ಮೊದಲ ಅಂಕಿ, ಆಮೇಲೆ 10 ನಿಮಿಷಕ್ಕೊಮ್ಮೆ. ಟಾರ್ಚುಗಳಿಗೆ ತಯಾರಕರು ಬಳಸುವ ಎಫ್‌ಎಲ್1 ಮಾನದಂಡದಲ್ಲಿ 'ರನ್ ಟೈಮ್' ಎಂದರೆ ಮೊದಲಿನ ಬೆಳಕು ಶೇ. 10ಕ್ಕೆ ಇಳಿಯುವವರೆಗಿನ ಹೊತ್ತು. ಒಂದು ಗಂಟೆ ಪ್ರಖರವಾಗಿ ಉರಿದು ಹತ್ತೊಂಬತ್ತು ಗಂಟೆ ಮಿಣಮಿಣ ಎನ್ನುವ ಟಾರ್ಚಿಗೂ 20 ಗಂಟೆ ಎಂದು ಬರೆಯಲು ಇದು ಬಿಡುತ್ತದೆ. ಹಾಗಾಗಿ ನಾನು ಬೆಳಕು ಅರ್ಧಕ್ಕೆ ಇಳಿಯುವ ಹೊತ್ತನ್ನು ಬೇರೆಯಾಗಿ ಬರೆದಿಡುತ್ತೇನೆ. ತೋಟಕ್ಕೆ ಹೋಗುವವರಿಗೆ ಬೇಕಾದ ಅಂಕಿ ಅದು.

ರೀಚಾರ್ಜ್ ಸೆಲ್ಲಿನಲ್ಲಿ ಈ ಪರೀಕ್ಷೆ ಮಾಡುವಾಗ ಎರಡೂ ಸೆಲ್ಲು ಸೇರಿ 2 ವೋಲ್ಟಿಗೆ ಇಳಿದ ಕೂಡಲೇ ನಿಲ್ಲಿಸಿ. ಬೂಸ್ಟ್ ಸರ್ಕ್ಯೂಟು ಸೆಲ್ಲು ಬಳಲಿದಷ್ಟೂ ಹೆಚ್ಚು ಎಳೆಯುತ್ತದೆ. ಜೋಡಿಯಲ್ಲಿ ದುರ್ಬಲವಾದ ಸೆಲ್ಲು ಮೊದಲು ಸೊನ್ನೆಗೆ ಬಂದು, ಇನ್ನೊಂದರ ಕರೆಂಟಿನಿಂದ ತಿರುಗುಮುರುಗಾಗಿ ಚಾರ್ಜ್ ಆಗಿ ಕೆಡುತ್ತದೆ. ಹೊಸದು-ಹಳೆಯದು ಬೆರೆಸಬಾರದು ಎನ್ನುವುದು ಇದಕ್ಕೇ. ನನ್ನ ಸೆಲ್ಲುಗಳ ಮೇಲೆ ಮಾರ್ಕರಿನಲ್ಲಿ ಜೋಡಿಯ ಸಂಖ್ಯೆ ಬರೆದಿರುತ್ತದೆ, 1ರ ಜೊತೆ 1 ಮಾತ್ರ. ಎಎ ಅಳತೆಯದೇ ಆದ 14500 ಎಂಬ ಲಿಥಿಯಂ-ಅಯಾನ್ ಸೆಲ್ಲು ನೋಡಲು ಹೀಗೇ ಇರುತ್ತದೆ. ಪೂರ್ತಿ ಚಾರ್ಜಾದಾಗ ಒಂದೇ 4.2 ವೋಲ್ಟ್. ಎರಡು ಹಾಕಿದರೆ 8.4. ಟಾರ್ಚಿನ ಮೇಲೆ ಸ್ಪಷ್ಟವಾಗಿ ಬರೆಯದೆ ಇದ್ದರೆ ಹಾಕಲೇಬೇಡಿ, ಸರ್ಕ್ಯೂಟು ಸುಟ್ಟುಹೋಗುತ್ತದೆ.

ಎಷ್ಟು ದೂರ ಬೆಳಕು ಬೀಳುತ್ತದೆ ಎಂಬುದಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. 3 ಮೀಟರ್ ದೂರದಲ್ಲಿ ಬೆಳಕಿನ ನಡುಭಾಗಕ್ಕೆ ಮೀಟರ್ ಹಿಡಿದು, ಬಂದ ಲಕ್ಸನ್ನು 9ರಿಂದ ಗುಣಿಸಿದರೆ ಕ್ಯಾಂಡೆಲಾ, ಅಂದರೆ ಆ ದಿಕ್ಕಿನ ಬೆಳಕಿನ ತೀವ್ರತೆ. ಅದರ ವರ್ಗಮೂಲದ ಎರಡರಷ್ಟು ಮಾನದಂಡದ ಪ್ರಕಾರದ ದೂರ. 100 ಲಕ್ಸ್ ಬಂದರೆ 900 ಕ್ಯಾಂಡೆಲಾ, 60 ಮೀಟರ್. ಆ 60ನೇ ಮೀಟರಿನಲ್ಲಿ ಇರುವುದು 0.25 ಲಕ್ಸ್, ಹುಣ್ಣಿಮೆ ಬೆಳದಿಂಗಳಿನಷ್ಟು. ಹಾವೋ ಹಗ್ಗವೋ ತಿಳಿಯಲು ಅದರ ಅರ್ಧ ದೂರವನ್ನೂ ನಂಬುವಂತಿಲ್ಲ.

ಈಗ ಬಣ್ಣ. ಕೆಂಪು ನಿಜವಾದ ಕೆಂಪು ಎಲ್‌ಇಡಿಯೋ, ಬಿಳಿಯ ಮುಂದೆ ಕೂರಿಸಿದ ಕೆಂಪು ಗಾಜೋ ಎಂಬುದನ್ನು ಹಳೆಯ ಸಿಡಿ ಹೇಳುತ್ತದೆ. ಕತ್ತಲಲ್ಲಿ ಸಿಡಿಯ ಹೊಳೆಯುವ ಮೈಗೆ ಬೆಳಕು ಬಿಟ್ಟು ಓರೆಯಾಗಿ ನೋಡಿ. ನಿಜವಾದ ಎಲ್‌ಇಡಿಯಾದರೆ ಕೆಂಪಿನ ಒಂದೇ ಕಿರಿದಾದ ಪಟ್ಟೆ. ಕಿತ್ತಳೆ, ಹಳದಿಯ ಅಂಚು ಕಂಡರೆ ಅದು ಸೋಸಿದ ಬಿಳಿ, ಸೆಲ್ಲಿನ ಬಹುಪಾಲು ಶಕ್ತಿ ಆ ಗಾಜಿನಲ್ಲೇ ಹೋಗುತ್ತಿದೆ.

ಕೆಂಪು ಯಾಕೆ ಬೇಕು ಎಂದರೆ ಕತ್ತಲಿಗೆ ಹೊಂದಿಕೊಂಡ ಕಣ್ಣಿಗಾಗಿ. ಮಂದ ಬೆಳಕಿನಲ್ಲಿ ನೋಡುವ ರಾಡ್ ಜೀವಕೋಶಗಳು ಹೆಚ್ಚು ಸ್ಪಂದಿಸುವುದು 507 ನ್ಯಾನೋಮೀಟರ್ ಸುತ್ತಲಿನ ನೀಲಿ-ಹಸಿರಿಗೆ; 620 ದಾಟಿದ ಕೆಂಪು ಅವಕ್ಕೆ ಬಲು ಕಡಿಮೆ ತಾಗುತ್ತದೆ, 660ರದು ಇನ್ನೂ ಕಡಿಮೆ. ಕತ್ತಲಿಗೆ ಕಣ್ಣು ಚೆನ್ನಾಗಿ ಹೊಂದಲು 20ರಿಂದ 30 ನಿಮಿಷ ಬೇಕು, ಬಿಳಿ ಬೆಳಕಿನ ಒಂದು ಮಿಂಚು ಅದನ್ನು ಕೆಡಿಸುತ್ತದೆ. ಹಾಗೆಂದು ಕೆಂಪಾದರೆ ಎಷ್ಟಾದರೂ ಇರಲಿ ಎನ್ನುವಂತಿಲ್ಲ. ಪ್ರಖರವಾದ ಕೆಂಪೂ ಕಣ್ಣನ್ನು ಕೆಡಿಸುತ್ತದೆ. ನನ್ನ ಪರೀಕ್ಷೆ: ಪೂರ್ತಿ ಕತ್ತಲಲ್ಲಿ 30 ನಿಮಿಷ ಕುಳಿತು, ಕೆಂಪನ್ನು ಅತಿ ಕಡಿಮೆಗಿಟ್ಟು, ನಕ್ಷತ್ರ ಪಟದ ಮೇಲೆ ಒಂದು ಅಡಿ ಎತ್ತರದಿಂದ ಬಿಡುವುದು. ಸಣ್ಣ ಅಕ್ಷರ ಓದಲು ಬರಬೇಕು, ಕಾಗದ ಮಾತ್ರ ಹೊಳೆಯಬಾರದು. ಆರಿಸಿದ ಮೇಲೆ ಕಣ್ಣ ಮುಂದೆ ಕಲೆ ಉಳಿಯಬಾರದು. ಹೆಚ್ಚಿನ ಸಣ್ಣ ಟಾರ್ಚುಗಳು ಇಲ್ಲೇ ಸೋಲುತ್ತವೆ. ಅವುಗಳ ಕನಿಷ್ಠವೇ 15–20 ಮಿಲಿಆಂಪಿಯರ್, ಬೇಕಾದದ್ದು ಒಂದೆರಡು. ಪರಿಹಾರ ಅಗ್ಗ: ಕೆಂಪು ಎಲ್‌ಇಡಿಯ ಮುಂದೆ ಮಾತ್ರ ಬಟರ್ ಪೇಪರಿನ ಎರಡು ಮೂರು ಪದರ ಅಂಟಿಸುವುದು.

ಸ್ವಿಚ್ಚಿನ ಕ್ರಮವೂ ಇದಕ್ಕೇ ಸೇರಿದ್ದು. ಕೆಂಪಿಗೆ ಹೋಗಲು ಬಿಳಿಯನ್ನು ದಾಟಲೇಬೇಕಾದ ಟಾರ್ಚಿನಲ್ಲಿ ಕೆಂಪು ಇದ್ದೂ ಇಲ್ಲದಂತೆ. ಬಣ್ಣ ಆರಿಸಲು ಬೇರೆ ತಿರುಗಣೆ ಇದ್ದರೆ, ಅಥವಾ ಕಡೆಯದಾಗಿ ಬಳಸಿದ ಬಣ್ಣವನ್ನು ನೆನಪಿಟ್ಟುಕೊಂಡರೆ ಒಳ್ಳೆಯದು. ಸೆಲ್ಲು ಬದಲಿಸಿದ ಮೇಲೂ ನೆನಪು ಉಳಿಯುತ್ತದೆಯೇ ಎಂದು ಒಮ್ಮೆ ನೋಡಿ. ಉಳಿಯದಿದ್ದರೆ ಕತ್ತಲಲ್ಲಿ ಸೆಲ್ಲು ಹಾಕಿದ ಗಳಿಗೆಯಲ್ಲೇ ಬಿಳಿ ಮುಖಕ್ಕೆ ಹೊಡೆಯುತ್ತದೆ.

ಕೆಂಪಿನ ಮಿತಿಯನ್ನೂ ತಿಳಿದಿರಬೇಕು. ಸರ್ವೆ ಆಫ್ ಇಂಡಿಯಾದ ಭೂಪಟದಲ್ಲಿ ರಸ್ತೆ, ಊರುಗಳು ಕೆಂಪು, ಎತ್ತರದ ಗೆರೆಗಳು ಕಂದು. ಕೆಂಪು ಬೆಳಕಿನಲ್ಲಿ ಕೆಂಪು ಮುದ್ರಣ ಬಿಳಿ ಕಾಗದದಲ್ಲಿ ಕರಗಿಹೋಗುತ್ತದೆ, ಕಂದು ಮಾಸುತ್ತದೆ. ಚಾರಣಕ್ಕೆ ಟಾರ್ಚು ಆರಿಸುವವರು ಒಂದು ಹಾಳೆಯನ್ನು ಎಲ್ಲ ಬಣ್ಣದಲ್ಲೂ ನೋಡಿಕೊಳ್ಳಲಿ. ಮಂದ ಹಸಿರಿನಲ್ಲಿ ಕೆಂಪು ಗೆರೆ ಕಪ್ಪಾಗಿ ಎದ್ದು ಕಾಣುತ್ತದೆ. ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ರಾತ್ರಿ ಕರೆಂಟ್ ಬಂದಾಗ ಪಂಪ್‌ಸೆಟ್ಟು ಹಾಕಲು ಬದುವಿನ ಮೇಲೆ ಹೋಗುವವರು ಬಿಳಿ ಬೆಳಕನ್ನೇ ಬಳಸಬೇಕು. ಒಣಗಿದ ತರಗೆಲೆಯ ಮೇಲಿನ ಕೊಳಕುಮಂಡಲದ ಕಂದು ಚಿತ್ತಾರ ಕೆಂಪು ಬೆಳಕಿನಲ್ಲಿ ಬೇರೆಯಾಗಿ ಕಾಣುವುದಿಲ್ಲ.

ಹಸಿರು ಕಣ್ಣಿಗೆ ಅತಿ ಸುಲಭ. ಕಡಿಮೆ ಕರೆಂಟಿನಲ್ಲೇ ಹೆಚ್ಚು ಕಾಣುತ್ತದೆ, ಸಂಜ್ಞೆಗೆ ಒಳ್ಳೆಯದು. ನೀಲಿಯನ್ನು ನಾನು ಬಳಸುವುದು ಅಪರೂಪ. ಕಣ್ಣಿಗೆ ಚುಚ್ಚುತ್ತದೆ, ಹುಳಗಳನ್ನು ಕರೆಯುತ್ತದೆ. ಮಳೆಗಾಲದಲ್ಲಿ ಕರೆಂಟು ಹೋದಾಗ ಅಡುಗೆಮನೆಯಲ್ಲಿ ಕೆಂಪು ಹಚ್ಚಿಟ್ಟರೆ ದೀಪದ ಹುಳಗಳ ಕಾಟ ಬಹಳ ಕಡಿಮೆ. ಬಣ್ಣಗಳ ಬೆಳಕನ್ನು ಅಗ್ಗದ ಲಕ್ಸ್ ಮೀಟರಿನಲ್ಲಿ ಒಂದಕ್ಕೊಂದು ಹೋಲಿಸಬೇಡಿ. ಆ ಮೀಟರುಗಳನ್ನು ಹೊಂದಿಸಿರುವುದು ಬಲ್ಬಿನ ಹಳದಿ ಬೆಳಕಿಗೆ, ಬರೀ ನೀಲಿ ಅಥವಾ ಬರೀ ಕೆಂಪಿಗೆ ಅವು ತಪ್ಪು ಹೇಳುತ್ತವೆ. ನಿನ್ನೆಯ ಕೆಂಪಿಗೆ ಇಂದಿನ ಕೆಂಪನ್ನು ಹೋಲಿಸಬಹುದು, ಅಷ್ಟೇ.

ಮಂದ ಮಟ್ಟಗಳಲ್ಲಿ ಬೆಳಕು ಮಿಟುಕುತ್ತಿದೆಯೇ ಎಂದು ನೋಡಲು ಕತ್ತಲಲ್ಲಿ ಟಾರ್ಚಿನ ಮುಂದೆ ಒಂದು ಬಿಳಿ ಕಡ್ಡಿಯನ್ನು ಬೀಸಣಿಗೆಯಂತೆ ಜೋರಾಗಿ ಆಡಿಸಿ. ಕಡ್ಡಿ ಒಂದೇ ಮಬ್ಬಾಗಿ ಕಂಡರೆ ಸರಿ. ಬಿಡಿ ಬಿಡಿ ಕಡ್ಡಿಗಳ ಸಾಲು ಕಂಡರೆ ಬೆಳಕನ್ನು ಹಚ್ಚಿ-ಆರಿಸಿ ಮಂದ ಮಾಡುತ್ತಿದ್ದಾರೆ, ಅದೂ ನಿಧಾನವಾಗಿ. ಓದುವ ಕಣ್ಣಿಗೆ ಇದು ಆಯಾಸ.

ಆರಿಸಿದಾಗಲೂ ಸೆಲ್ಲು ಖಾಲಿಯಾಗುತ್ತಿರಬಹುದು. ಟಿಕ್ ಎನ್ನದ ಮೆತ್ತನೆ ಸ್ವಿಚ್ಚಿದ್ದರೆ ಒಳಗಿನ ಚಿಪ್ಪು ಸದಾ ಎಚ್ಚರವಾಗಿರುತ್ತದೆ. ಮೈಕ್ರೋಆಂಪಿಯರ್ ರೇಂಜಿನಲ್ಲಿ ಅಳೆಯಬೇಕು. ನೇರ ಜೋಡಿಸಿದರೆ ಚಿಪ್ಪು ಎದ್ದೇಳಲು ಬೇಕಾದ ಮೊದಲ ಹೊಡೆತದ ಕರೆಂಟ್ ಮೀಟರಿನ ಮೂಲಕ ಹೋಗದೆ ಸುಳ್ಳು ಅಂಕಿ ಬರುತ್ತದೆ. ಮೀಟರಿನ ಎರಡು ತುದಿಗೆ ಅಡ್ಡಲಾಗಿ ಒಂದು ವೈರು ಹಿಡಿದು, ಟಾರ್ಚನ್ನು ಹಚ್ಚಿ ಆರಿಸಿ, ಹತ್ತು ಸೆಕೆಂಡ್ ಕಾದು ವೈರು ತೆಗೆಯಿರಿ. 50 ಮೈಕ್ರೋಆಂಪಿಯರ್ ಬಂದರೆ ಚಿಂತೆಯಿಲ್ಲ, 2000ದ ಸೆಲ್ಲಿಗೆ ನಾಲ್ಕು ವರ್ಷಕ್ಕೂ ಮೇಲೆ. 1 ಮಿಲಿಆಂಪಿಯರ್ ಬಂದರೆ ಮೂರು ತಿಂಗಳೊಳಗೆ, ಒಮ್ಮೆಯೂ ಹಚ್ಚದೆ, ಖಾಲಿ.

ನೀರಿನ ಪರೀಕ್ಷೆಗೆ ಸೆಲ್ಲು ತೆಗೆದು ಒಳಗೆ ಒಣ ಟಿಶ್ಯೂ ಸುರುಳಿ ಇಟ್ಟು, ಬಿರಡೆ ಬಿಗಿದು ಬಕೆಟ್ಟಿನಲ್ಲಿ 30 ನಿಮಿಷ ಮುಳುಗಿಸುತ್ತೇನೆ. ನೀರು ತಡೆಯುವ ಮಟ್ಟದ ಗುರುತಾದ ಐಪಿಎಕ್ಸ್7 ಎಂದರೆ ಒಂದು ಮೀಟರ್ ಆಳ, ಬಕೆಟ್ಟು ಅಷ್ಟಿಲ್ಲ. ಐಪಿಎಕ್ಸ್4 ಬರೀ ಎರಚಲಿಗೆ, ಅದನ್ನು ಮುಳುಗಿಸಬಾರದು. ಮಲೆನಾಡಿನ ಮಳೆಗೆ 4 ಕನಿಷ್ಠ. ಬಿಸಿಯಾದ ಟಾರ್ಚು ತಣ್ಣೀರಿಗೆ ಬಿದ್ದರೆ ಒಳಗಿನ ಗಾಳಿ ಕುಗ್ಗಿ ನೀರನ್ನು ಎಳೆದುಕೊಳ್ಳುತ್ತದೆ, ಸೋರಿಕೆ ಇದ್ದರೆ ಬಯಲಾಗುವುದು ಆಗಲೇ. ರಬ್ಬರಿನ ಓ-ರಿಂಗಿಗೆ ಸಿಲಿಕೋನ್ ಗ್ರೀಸನ್ನೇ ಹಚ್ಚಿ. ಪೆಟ್ರೋಲಿಯಂ ಜೆಲ್ಲಿಯಿಂದ ಕೆಲವು ರಬ್ಬರುಗಳು ಉಬ್ಬುತ್ತವೆ.

ಟಾರ್ಚು ಸಾಯುವುದು ಹೆಚ್ಚಾಗಿ ಸೆಲ್ಲು ಸೋರಿ. ಆಲ್ಕಲೈನ್ ಸೋರಿದ ಬಿಳಿ ಪುಡಿ ಕ್ಷಾರ. ನಿಂಬೆರಸ ಅಥವಾ ವಿನೆಗರ್ ಅದ್ದಿದ ಹತ್ತಿ ಕಡ್ಡಿಯಿಂದ ಒರೆಸಿ. ಜಿಂಕ್-ಕಾರ್ಬನ್ ಸೋರಿದ್ದು ಆಮ್ಲೀಯ. ಅದಕ್ಕೆ ನೀರಲ್ಲಿ ಕಲಸಿದ ಅಡುಗೆ ಸೋಡಾ. ಯಾವುದಾದರೂ ಕೊನೆಗೆ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ ಒಣಗಿಸಬೇಕು. ಕೈಗವಸು ಇರಲಿ, ಕಣ್ಣು ಮುಟ್ಟಿಕೊಳ್ಳಬೇಡಿ. ತಿಂಗಳುಗಟ್ಟಲೆ ಇಡುವುದಾದರೆ ಸೆಲ್ಲು ಹೊರಗಿಡುವುದೇ ಸರಿ. ಚೀಲದಲ್ಲಿ ಟಾರ್ಚಿನೊಳಗೇ ಇರಬೇಕೆಂದರೆ ಎರಡರಲ್ಲಿ ಒಂದು ಸೆಲ್ಲನ್ನು ತಲೆಕೆಳಗು ಹಾಕಿಡಿ. ಒಂದರ ವೋಲ್ಟೇಜ್ ಇನ್ನೊಂದನ್ನು ಕಳೆದು ಸೊನ್ನೆಯಾಗುತ್ತದೆ, ಸ್ವಿಚ್ಚು ಒತ್ತಿಹೋದರೂ ಉರಿಯುವುದಿಲ್ಲ. ಒಂದೇ ಸೆಲ್ಲಿನ ಟಾರ್ಚಿಗೂ ಮೂರು ಸೆಲ್ಲಿನದಕ್ಕೂ ಹೀಗೆ ಮಾಡಬೇಡಿ.