ಗೀರನ್ನು ತಾನೇ ಮುಚ್ಚಿಕೊಳ್ಳುವ ಲೇಪನ: ಉಕ್ಕಿನ ತಗಡಿನ ಮೇಲೆ ಪರೀಕ್ಷಿಸುವ ಕ್ರಮ

ಗೇಟಿನ ಚಿಲಕ ಉಜ್ಜುವ ಜಾಗದಲ್ಲಿ ಬಣ್ಣ ಕಿತ್ತು ಉಕ್ಕು ಕಂಡರೆ ಬೆಂಗಳೂರಿನ ಒಂದು ಮಳೆಗಾಲ ಸಾಕು, ತುಕ್ಕು ಅಲ್ಲಿಂದ ಬಣ್ಣದ ಅಡಿಗೆ ಹಬ್ಬತೊಡಗುತ್ತದೆ. ಇಂಥ ಗೀರನ್ನು ತಾವೇ ಮುಚ್ಚಿಕೊಳ್ಳುವ ಲೇಪನಗಳಲ್ಲಿ ಸಣ್ಣ ವರ್ಕ್‌ಶಾಪಿಗೆ ನಿಲುಕುವಂಥದ್ದು, ಅಗಸೆ ಎಣ್ಣೆ ತುಂಬಿದ ಸೂಕ್ಷ್ಮ ಕ್ಯಾಪ್ಸೂಲುಗಳನ್ನು ಬೆರೆಸಿದ ಎಪಾಕ್ಸಿ (ಎರಡು ದ್ರವ ಕೂಡಿಸಿದಾಗ ಗಟ್ಟಿಯಾಗುವ ರಾಳದ ಲೇಪ). ಗೀರಿನ ಹಾದಿಯಲ್ಲಿರುವ ಕ್ಯಾಪ್ಸೂಲುಗಳು ಒಡೆದಾಗ ಎಣ್ಣೆ ಗೀರಿನೊಳಗೆ ಹರಡಿ, ಗಾಳಿಯ ಆಮ್ಲಜನಕದೊಂದಿಗೆ ಸೇರಿ ಪೊರೆಗಟ್ಟುತ್ತದೆ. ಇಡೀ ಗೇಟಿಗೆ ಬಳಿಯುವ ಮೊದಲು ಎರಡು ತಗಡುಗಳ ಮೇಲೆ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು.

ತಗಡುಗಳನ್ನು ಎಮರಿ ಪೇಪರಿನಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಥಿನ್ನರಿನಲ್ಲಿ ಒರೆಸಿ, ಆಮೇಲೆ ಬರಿಗೈಯಲ್ಲಿ ಮುಟ್ಟಬಾರದು. ಜುಲೈ ತಿಂಗಳ ಮೋಡದ ಬೆಳಿಗ್ಗೆ ಈ ಕೆಲಸಕ್ಕೆ ಕೂಡದು. ಗಾಳಿಯ ತೇವಾಂಶ ಶೇಕಡಾ 85 ದಾಟಿದ್ದರೆ ಬಳಿಯುವುದನ್ನು ಮುಂದೂಡಬೇಕು.

ಕೈಗವಸು ಹಾಕಿಕೊಂಡು ಮೊದಲು ಎಪಾಕ್ಸಿ ರಾಳಕ್ಕೆ ಹಾರ್ಡನರ್ ಬೆರೆಸಿ, ಕೊನೆಗೆ 100 ಗ್ರಾಂ ಮಿಶ್ರಣಕ್ಕೆ 5 ಗ್ರಾಂ ಲೆಕ್ಕದಲ್ಲಿ ಕ್ಯಾಪ್ಸೂಲು ಸೇರಿಸಿ ಮರದ ಕಡ್ಡಿಯಿಂದ ನಿಧಾನವಾಗಿ ಕಲಕಬೇಕು. ನಾನು ಮೊದಲ ಸಲ ಆತುರಕ್ಕೆ ಡ್ರಿಲ್ಲಿಗೆ ಸಿಕ್ಕಿಸುವ ಮಿಕ್ಸರ್ ಬಳಸಿದ್ದೆ. ಅರ್ಧ ಕ್ಯಾಪ್ಸೂಲುಗಳು ಡಬ್ಬಿಯಲ್ಲೇ ಒಡೆದು, ಲೇಪನ ಒಂದು ವಾರವಾದರೂ ಬೆರಳಿಗೆ ಅಂಟುತ್ತಿತ್ತು. ಕ್ಯಾಪ್ಸೂಲಿನ ವ್ಯಾಸ 50 ಮೈಕ್ರಾನಿನಷ್ಟಿದ್ದರೆ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಒಣಗಿದ ಲೇಪನ 100 ಮೈಕ್ರಾನಿಗಿಂತ ತೆಳುವಾಗಬಾರದು, ಇಲ್ಲದಿದ್ದರೆ ಅವು ಮೇಲಕ್ಕೆ ಉಬ್ಬಿ ನಿಂತು ಕೈತಾಗಿದರೂ ಒಡೆಯುತ್ತವೆ. ಎರಡನೆಯ ತಗಡಿಗೆ ಕ್ಯಾಪ್ಸೂಲಿಲ್ಲದ ಅದೇ ಎಪಾಕ್ಸಿಯನ್ನು ಅಷ್ಟೇ ದಪ್ಪಕ್ಕೆ ಬಳಿಯಬೇಕು. ಹೋಲಿಸಲು ಅದಿಲ್ಲದಿದ್ದರೆ ಪರೀಕ್ಷೆಗೆ ಅರ್ಥವೇ ಇಲ್ಲ.

ಏಳು ದಿನ ಒಣಗಿದ ಮೇಲೆ ಹೊಸ ಬ್ಲೇಡಿನಿಂದ, ಉಕ್ಕಿಗೆ ತಾಗುವಷ್ಟು ಆಳಕ್ಕೆ, ಎರಡೂ ತಗಡುಗಳ ಮೇಲೆ ಗುಣಾಕಾರ ಚಿಹ್ನೆಯ ಆಕಾರದಲ್ಲಿ ಗೀರಬೇಕು. ಭೂತಗನ್ನಡಿಯಲ್ಲಿ ನೋಡಿದರೆ ಕ್ಯಾಪ್ಸೂಲಿರುವ ತಗಡಿನ ಗೀರಿನಂಚು ಒದ್ದೆಯಾಗಿ ಮಿನುಗುವುದು ಕಾಣುತ್ತದೆ. ಎಣ್ಣೆ ಪೊರೆಗಟ್ಟಲು ಕೆಲವು ದಿನ ಬೇಕಾದ್ದರಿಂದ ತಕ್ಷಣ ನೀರಿಗೆ ಹಾಕದೆ, ಮೂರು ದಿನ ಗಾಳಿಗೆ ಬಿಡಬೇಕು. ಆಮೇಲೆ ಅಂಚು ಮತ್ತು ಬೆನ್ನನ್ನು ಮೇಣದಿಂದ ಮುಚ್ಚಿ, 950 ಗ್ರಾಂ ನೀರಿಗೆ 50 ಗ್ರಾಂ ಉಪ್ಪು ಕರಗಿಸಿ ಅದರಲ್ಲಿ ನಿಲ್ಲಿಸಬೇಕು. ಪ್ರಯೋಗಾಲಯದ ಉಪ್ಪುಮಂಜಿನ ಪರೀಕ್ಷೆಯಲ್ಲೂ ಇದೇ ಪ್ರಮಾಣದ ದ್ರಾವಣವನ್ನೇ 35 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಿಂಪಡಿಸುತ್ತಾರೆ. ದಿನವೂ ನೋಡಿ, ತುಕ್ಕು ಎಂದು ಕಂಡಿತು, ಗೀರಿನಿಂದ ಎಷ್ಟು ಮಿಲಿಮೀಟರ್ ಪಕ್ಕಕ್ಕೆ ಸರಿಯಿತು ಎಂಬುದನ್ನು ಬರೆದಿಡಬೇಕು.

ಫಲಿತಾಂಶ ಚೆನ್ನಾಗಿ ಬಂದರೂ ಇದು ಕೂದಲೆಳೆಯಂಥ ಗೀರಿಗೆ ಮಾತ್ರ. ಒಮ್ಮೆ ಒಡೆದ ಕ್ಯಾಪ್ಸೂಲು ಬರಿದಾಗುವುದರಿಂದ ಅದೇ ಜಾಗದ ಎರಡನೆಯ ಗೀರಿಗೆ ಎಣ್ಣೆ ಉಳಿದಿರುವುದಿಲ್ಲ. ಚಿಲಕ ದಿನವೂ ಉಜ್ಜುವ ಜಾಗಕ್ಕೆ ಗ್ಯಾಲ್ವನೈಸ್ ಮಾಡಿದ, ಅಂದರೆ ಸತುವಿನ ಲೇಪವಿರುವ ಉಕ್ಕಿನ ತುಂಡನ್ನೇ ಹಾಕಿಸುವುದು ಲೇಸು. ಸ್ವಲ್ಪ ಅಗಲವಾಗಿ ಕಿತ್ತರೂ ಪಕ್ಕದ ಸತು ತಾನು ಸವೆದು ಉಕ್ಕನ್ನು ಕಾಯುತ್ತದೆ.