ಐಸ್ ಹಾಕಿ ಸಲಕರಣೆ: ಎಲ್ಲಿ ಹಣ ಬಿಚ್ಚಬೇಕು, ಎಲ್ಲಿ ಕೈ ಬಿಗಿಹಿಡಿಯಬೇಕು

ಐಸ್ ಹಾಕಿ ಕಲಿಯಲು ಹೊರಟವರು ಅಂಗಡಿಯೊಳಗೆ ಕಾಲಿಟ್ಟ ಕೂಡಲೇ ಸ್ಟಿಕ್‌ಗಳ ಸಾಲಿನ ಕಡೆಗೆ ನಡೆಯುತ್ತಾರೆ. ನಾನೂ ಹಾಗೆ ನಡೆದವನೇ. ಹೊಳೆಯುವ ಕಾರ್ಬನ್ ಸ್ಟಿಕ್ ಕೈಗೆ ಬಂದರೆ ಅರ್ಧ ಆಟ ಬಂದಂತೆಯೇ ಎಂಬ ಭ್ರಮೆ ನನಗೂ ಇತ್ತು. ಬಹಳ ವರ್ಷ ಆಡಿ, ಬೇಕಾದಷ್ಟು ತಪ್ಪು ಸಾಮಾನು ಕೊಂಡು, ಅದನ್ನು ಹಂಚಿ ಮುಗಿಸಿದ ಮೇಲೆ ನನ್ನಲ್ಲಿ ಉಳಿದಿರುವ ಅಭಿಪ್ರಾಯ ಬೇರೆಯೇ ಆಗಿದೆ. ಇರುವ ಹಣದಲ್ಲಿ ದೊಡ್ಡ ಪಾಲು ಸ್ಕೇಟ್‌ಗೆ ಹೋಗಬೇಕು, ನಂತರದ ಪಾಲು ತಲೆ ಮತ್ತು ಕತ್ತಿನ ರಕ್ಷಣೆಗೆ ಹೋಗಬೇಕು, ಸ್ಟಿಕ್‌ಗೆ ಮಿಕ್ಕಿದ್ದು ಸಾಕು. ಯಾವ ವಸ್ತುವೇ ಆಗಲಿ, ಅದರ ಬೆಲೆಗಿಂತ ಅದು ನಿಮ್ಮ ಮೈಗೆ ಕೂರುವ ರೀತಿಯನ್ನೇ ಮೊದಲು ನೋಡಬೇಕು.

ಸ್ಕೇಟ್ ಆರಿಸುವಾಗ ನಿಮ್ಮ ಶೂ ಸಂಖ್ಯೆಯನ್ನು ಮರೆತುಬಿಡಿ. ಉತ್ತರ ಅಮೆರಿಕದ ಅಳತೆಯಲ್ಲಿ ಹಾಕಿ ಸ್ಕೇಟ್‌ನ ಸಂಖ್ಯೆ ಸಾಮಾನ್ಯವಾಗಿ ಶೂ ಸಂಖ್ಯೆಗಿಂತ 1ರಿಂದ 1.5ರಷ್ಟು ಕಡಿಮೆ ಇರುತ್ತದೆ. ಇದು ತಿಳಿಯದವರು ಶೂ ಸಂಖ್ಯೆಯನ್ನೇ ಕೇಳಿ, ದೊಗಳೆ ಸ್ಕೇಟ್ ಹೊತ್ತು ಮನೆಗೆ ಬರುತ್ತಾರೆ. ನನ್ನ ಮೊದಲ ಜೋಡಿ ಪೂರ್ತಿ ಎರಡು ಅಳತೆ ದೊಡ್ಡದಾಗಿತ್ತು. ಕಾಲು ಇನ್ನೂ ಬೆಳೆಯುತ್ತದೆ ಎಂದು ಮಾರಿದವರು ಹೇಳಿದ ಮಾತನ್ನು ನಂಬಿ, ಮೂರು ಜೊತೆ ಕಾಲುಚೀಲ ತುರುಕಿಕೊಂಡು ಒಂದು ಇಡೀ ಋತು ಒದ್ದಾಡಿದೆ. ಕಣಕಾಲುಗಳು ಒಳಕ್ಕೆ ವಾಲುತ್ತಿದ್ದವು, ತಿರುವಿನಲ್ಲಿ ಬೂಟು ಒಂದು ಕಡೆಗೆ ಹೋದರೆ ಪಾದ ಇನ್ನೊಂದು ಕಡೆಗೆ ಹೋಗುತ್ತಿತ್ತು. ನನ್ನ ಕಾಲೇ ದುರ್ಬಲ ಎಂದು ಎಲ್ಲರೂ ತೀರ್ಮಾನಿಸಿದ್ದರು. ಸರಿಯಾದ ಅಳತೆಯ ಜೋಡಿ ಹಾಕಿದ ವಾರದಲ್ಲಿಯೇ ಆ ದೌರ್ಬಲ್ಯ ಮಾಯವಾಯಿತು.

ಪರೀಕ್ಷಿಸುವ ಕ್ರಮ ಹೀಗಿದೆ. ಆಡುವಾಗ ಹಾಕುವ ತೆಳುವಾದ ಕಾಲುಚೀಲವನ್ನೇ ಹಾಕಿಕೊಂಡು, ಲೇಸ್‌ಗಳನ್ನು ಪೂರ್ತಿ ಸಡಿಲಿಸಿ ಪಾದ ಇಳಿಸಿ, ಹಿಮ್ಮಡಿಯನ್ನು ನೆಲಕ್ಕೆ ಎರಡು ಬಾರಿ ಕುಟ್ಟಿ ಹಿಂದಕ್ಕೆ ಕೂರಿಸಿದ ಮೇಲೆಯೇ ಲೇಸ್ ಬಿಗಿಯಬೇಕು. ನೇರ ನಿಂತಾಗ ಬೆರಳ ತುದಿಗಳು ಮುಂದಿನ ಗಟ್ಟಿ ಹೊದಿಕೆಯನ್ನು ಸವರುವಷ್ಟು ಮಾತ್ರ ತಾಗಬೇಕು. ಮೊಣಕಾಲು ಬಗ್ಗಿಸಿ ಆಟದ ಭಂಗಿಗೆ ಬಂದಾಗ ಅವು ಕೂದಲೆಳೆಯಷ್ಟು ಹಿಂದೆ ಸರಿಯಬೇಕು. ಆ ಭಂಗಿಯಲ್ಲಿ ಹಿಮ್ಮಡಿ ಎದ್ದರೆ ಆ ಜೋಡಿಯನ್ನು ಅಲ್ಲಿಯೇ ಬಿಡಿ, ಲೇಸ್ ಎಷ್ಟು ಎಳೆದರೂ ಅದು ಸರಿಹೋಗುವುದಿಲ್ಲ. ನಂತರ ಲೇಸ್ ಸಡಿಲಿಸಿ, ನಾಲಗೆಯನ್ನು ಮುಂದಕ್ಕೆ ಮಡಚಿ, ಮೇಲಿನಿಂದ ಮೂರನೇ ಜೋಡಿ ರಂಧ್ರಗಳ ಮೇಲೆ ಒಂದು ಪೆನ್ಸಿಲನ್ನು ಅಡ್ಡಲಾಗಿ ಇಡಿ. ಪೆನ್ಸಿಲ್ ಎರಡೂ ಬದಿಗೆ ಒರಗಿ ಪಾದಕ್ಕೆ ತಾಗದಿದ್ದರೆ ಬೂಟಿನ ಆಳ ಸಾಕು. ಪಾದವೇ ಪೆನ್ಸಿಲನ್ನು ಎತ್ತಿ ಹಿಡಿದರೆ ಆ ಬೂಟು ನಿಮಗೆ ಆಳ ಸಾಲದು, ಮುಂದೆ ಪಾದದ ಮೇಲ್ಭಾಗ ನೋಯುವುದು ಖಂಡಿತ.

ಈಗಿನ ಬಹುತೇಕ ಬೂಟುಗಳನ್ನು ಅಂಗಡಿಯ ವಿಶೇಷ ಓವನ್‌ನಲ್ಲಿ ಬಿಸಿ ಮಾಡಿ ಪಾದದ ಆಕಾರಕ್ಕೆ ಒಗ್ಗಿಸುತ್ತಾರೆ. ಮನೆಯ ಓವನ್‌ನಲ್ಲಿ ಈ ಪ್ರಯೋಗ ಬೇಡ. ಬಿಸಿ ಬೂಟು ಹಾಕಿಕೊಂಡಾಗ ಲೇಸ್‌ಗಳನ್ನು ಮೇಲಕ್ಕೆ ಎಳೆಯದೆ ಪಕ್ಕಕ್ಕೆ ಎಳೆಯಿರಿ, ಇಲ್ಲವಾದರೆ ರಂಧ್ರದ ಲೋಹದ ಬಳೆಗಳು ಕಿತ್ತು ಬರಬಹುದು. ಬಿಸಿ ಮಾಡಿದ ಮೇಲೆ ಒಂದು ದಿನವಾದರೂ ಅದರಲ್ಲಿ ಆಡಬೇಡಿ. ಒಂದು ಮಾತು ನೆನಪಿರಲಿ: ಬಿಸಿ ಮಾಡುವುದರಿಂದ ಒತ್ತುವ ಜಾಗ ಸಡಿಲವಾಗುತ್ತದೆಯೇ ಹೊರತು, ದೊಡ್ಡ ಬೂಟು ಚಿಕ್ಕದಾಗುವುದಿಲ್ಲ.

ಸ್ಕೇಟ್‌ನಲ್ಲಿ ಬೂಟಿನಷ್ಟೇ ಮುಖ್ಯವಾದದ್ದು ಸಾಣೆ. ಆದರೆ ಹೊಸಬರಲ್ಲಿ ಇದನ್ನು ಗಮನಿಸುವವರು ತೀರಾ ಕಡಿಮೆ. ಹಾಕಿ ಬ್ಲೇಡ್‌ನ ತಳ ಚಾಕುವಿನಂತೆ ಒಂದೇ ಅಂಚಿನದಲ್ಲ. ಸುಮಾರು 3 ಮಿಲಿಮೀಟರ್ ದಪ್ಪದ ಉಕ್ಕಿನ ನಡುವೆ ಉದ್ದಕ್ಕೂ ಒಂದು ತೋಡು ಇರುತ್ತದೆ, ಆ ತೋಡಿನ ಎರಡು ಬದಿಯಲ್ಲಿ ಒಳ ಅಂಚು ಮತ್ತು ಹೊರ ಅಂಚು ನಿಲ್ಲುತ್ತವೆ. ಈ ತೋಡನ್ನು ಹಾಲೋ ಎನ್ನುತ್ತಾರೆ, ಅದನ್ನು ವೃತ್ತದ ತ್ರಿಜ್ಯದಿಂದ ಅಳೆಯುತ್ತಾರೆ. ಸಂಖ್ಯೆ ಚಿಕ್ಕದಾದಷ್ಟೂ ತೋಡು ಆಳ. 3/8 ಇಂಚಿನದು ಐಸನ್ನು ಗಟ್ಟಿಯಾಗಿ ಕಚ್ಚುತ್ತದೆ, ಆದರೆ ಜಾರುವಾಗ ಎಳೆದಂತಾಗುತ್ತದೆ. 5/8 ಇಂಚಿನದು ಸಲೀಸಾಗಿ ಜಾರುತ್ತದೆ, ಆದರೆ ಅಂಚಿನ ಮೇಲೆ ನಂಬಿಕೆ ಇಲ್ಲದವರಿಗೆ ತಿರುವಿನಲ್ಲಿ ಕೈಕೊಡುತ್ತದೆ. ಎಲ್ಲರೂ ಸಾಮಾನ್ಯವಾಗಿ 1/2 ಇಂಚಿನಿಂದ ಶುರು ಮಾಡುತ್ತಾರೆ, ಅದೇ ಸರಿ. ಮೈ ಭಾರವಿದ್ದವರ ತೂಕವೇ ಅಂಚನ್ನು ಐಸಿಗೆ ಒತ್ತುವುದರಿಂದ ಅವರಿಗೆ ಆಳ ಕಡಿಮೆಯಾದರೂ ನಡೆಯುತ್ತದೆ. ಹಗುರ ಮೈಯ ಮಕ್ಕಳಿಗೆ ತುಸು ಹೆಚ್ಚು ಆಳ ಬೇಕು. ಐಸ್ ತುಂಬ ತಣ್ಣಗಿದ್ದು ಗಡುಸಾಗಿದ್ದರೆ ಆಳದ ತೋಡೂ, ಮೆತ್ತಗಿದ್ದರೆ ಆಳ ಕಡಿಮೆಯ ತೋಡೂ ಹೊಂದುತ್ತದೆ.

ಸಾಣೆ ಹಿಡಿದು ಕೊಟ್ಟವರು ಯಾರೇ ಆಗಿರಲಿ, ಐಸ್ ಮೇಲೆ ಇಳಿಯುವ ಮೊದಲು ನೀವೇ ಪರೀಕ್ಷಿಸಿ. ಸ್ಕೇಟನ್ನು ತಲೆಕೆಳಗಾಗಿ ಹಿಡಿದು, ಬ್ಲೇಡ್‌ನ ಮೇಲೆ ಅಡ್ಡಲಾಗಿ ಒಂದು ನಾಣ್ಯವನ್ನು ಎರಡೂ ಅಂಚಿಗೆ ತಾಗುವಂತೆ ಇಡಿ. ಅದು ಬ್ಲೇಡ್‌ನ ಬದಿಗಳಿಗೆ ನೆಟ್ಟಗೆ ಲಂಬವಾಗಿ ಕೂರಬೇಕು, ಒಂದು ಕಡೆಗೆ ವಾಲಿದರೆ ಒಂದು ಅಂಚು ಎತ್ತರವಾಗಿದೆ ಎಂದರ್ಥ. ಆಮೇಲೆ ಹೆಬ್ಬೆರಳ ಉಗುರನ್ನು ಅಂಚಿಗೆ ಅಡ್ಡಲಾಗಿ ಮೃದುವಾಗಿ ಸವರಿ ನೋಡಿ. ಉಗುರಿನಿಂದ ಬಿಳಿ ಪುಡಿ ತೆಳ್ಳಗೆ ಕೆರೆದು ಬಂದರೆ ಅಂಚು ಹರಿತವಾಗಿದೆ. ಹಿಮ್ಮಡಿಯಿಂದ ಬೆರಳ ತುದಿಯವರೆಗೆ ನಾಲ್ಕಾರು ಕಡೆ ಹೀಗೆ ನೋಡಬೇಕು. ಒಮ್ಮೆ ಪಂದ್ಯದ ದಿನ ಅವಸರದಲ್ಲಿ ಸಾಣೆ ಹಿಡಿಸಿಕೊಂಡು, ಪರೀಕ್ಷಿಸದೆ ಇಳಿದವನು ಮೊದಲ ಬಲ ತಿರುವಿನಲ್ಲಿಯೇ ಕಾಲು ಜಾರಿ ಪಕ್ಕದ ಗೋಡೆಗೆ ಹೋಗಿ ಬಡಿದೆ. ವಿರಾಮದಲ್ಲಿ ನಾಣ್ಯ ಇಟ್ಟು ನೋಡಿದರೆ ಅದು ಮಳೆಗಾಲದ ಬೇಲಿ ಕಂಬದಂತೆ ವಾಲಿ ನಿಂತಿತ್ತು. ಎಷ್ಟು ದಿನಕ್ಕೊಮ್ಮೆ ಸಾಣೆ ಬೇಕು ಎಂಬುದಕ್ಕೆ ನಿಗದಿಯಾದ ಲೆಕ್ಕವಿಲ್ಲ. ನಿಲ್ಲಿಸುವಾಗ ಕಾಲು ಕೊಸರಿದ ಅನುಭವವಾದರೆ ಸಮಯವಾಯಿತು.

ಇನ್ನು ಸ್ಟಿಕ್. ಸ್ಕೇಟ್ ಹಾಕದೆ ನೆಟ್ಟಗೆ ನಿಂತಾಗ ಅದು ಮೂಗಿನವರೆಗೆ, ಹಾಕಿ ನಿಂತಾಗ ಗದ್ದದವರೆಗೆ ಬಂದರೆ ಆರಂಭಕ್ಕೆ ಸರಿ. ಪಕ್ಕನ್ನು, ಅಂದರೆ ಚೆಂಡಿನ ಬದಲು ಆಡುವ ರಬ್ಬರ್ ಬಿಲ್ಲೆಯನ್ನು, ಮೈಗೆ ಹತ್ತಿರ ಆಡಿಸುವವರು ಇನ್ನೂ ಒಂದೆರಡು ಇಂಚು ಕತ್ತರಿಸುತ್ತಾರೆ, ರಕ್ಷಣಾ ಆಟಗಾರರು ದೂರ ಚಾಚಲೆಂದು ಉದ್ದ ಉಳಿಸಿಕೊಳ್ಳುತ್ತಾರೆ. ಹಿಡಿಯ ಮೇಲೆ ಅಚ್ಚಾಗಿರುವ 75, 85 ಮುಂತಾದ ಫ್ಲೆಕ್ಸ್ ಸಂಖ್ಯೆ ಆ ಹಿಡಿಯನ್ನು ಒಂದು ಇಂಚು ಬಗ್ಗಿಸಲು ಎಷ್ಟು ಪೌಂಡ್ ಬಲ ಬೇಕು ಎಂಬುದನ್ನು ಹೇಳುತ್ತದೆ. ಪೌಂಡ್‌ನಲ್ಲಿ ನಿಮ್ಮ ತೂಕದ ಅರ್ಧದಷ್ಟು ಫ್ಲೆಕ್ಸ್ ಇರಲಿ ಎಂಬುದು ಆಟಗಾರರ ನಡುವೆ ಓಡಾಡುವ ಲೆಕ್ಕ. ಕಿಲೋದಲ್ಲಿ ಯೋಚಿಸುವವರು ತೂಕಕ್ಕೆ ಅದರ ಹತ್ತನೇ ಒಂದು ಭಾಗ ಸೇರಿಸಿಕೊಂಡರಾಯಿತು, 70 ಕಿಲೋದವರಿಗೆ ಸುಮಾರು 77 ಬರುತ್ತದೆ. ನನ್ನ ಅಭಿಪ್ರಾಯದಲ್ಲಿ ಹೊಸಬರು ಅದಕ್ಕಿಂತಲೂ ತುಸು ಮೆತ್ತನೆಯದನ್ನು ಹಿಡಿಯುವುದು ಒಳ್ಳೆಯದು, ಏಕೆಂದರೆ ಬಗ್ಗದ ಸ್ಟಿಕ್‌ನಿಂದ ಪಕ್ ಹಾರುವುದಿಲ್ಲ, ಮುಂಗೈ ಮಾತ್ರ ನೋಯುತ್ತದೆ. ಕತ್ತರಿಸಿದಷ್ಟೂ ಸ್ಟಿಕ್ ಗಡುಸಾಗುತ್ತದೆ ಎಂಬುದನ್ನು ಮರೆತು, ಉದ್ದದ 85ನ್ನು ಕೊಂಡು ನಾಲ್ಕು ಇಂಚು ಕೊಯ್ದು, ಆಮೇಲೆ ಸ್ಟಿಕ್ಕನ್ನೇ ಬೈಯುವವರನ್ನು ಬಹಳ ಕಂಡಿದ್ದೇನೆ.

ಸ್ಟಿಕ್‌ನ ಕೆಳತುದಿಯ ಚಪ್ಪಟೆ ಭಾಗಕ್ಕೂ ಬ್ಲೇಡ್ ಎಂದೇ ಹೆಸರು. ಆ ಬ್ಲೇಡ್ ಮತ್ತು ಹಿಡಿಯ ನಡುವಿನ ಕೋನಕ್ಕೆ ಲೈ ಎನ್ನುತ್ತಾರೆ. ಅದನ್ನು ಅಂಗಡಿಯಲ್ಲಿ ಊಹಿಸುವುದಕ್ಕಿಂತ ಹಳೆಯ ಸ್ಟಿಕ್‌ನ ಬ್ಲೇಡ್‌ಗೆ ಸುತ್ತಿದ ಟೇಪ್ ಎಲ್ಲಿ ಸವೆದಿದೆ ಎಂದು ನೋಡುವುದೇ ನಿಖರ: ತುದಿಯ ಕಡೆ ಸವೆದಿದ್ದರೆ ಮುಂದಿನ ಸ್ಟಿಕ್‌ಗೆ ಹೆಚ್ಚಿನ ಲೈ ಸಂಖ್ಯೆ ಬೇಕು, ಬುಡದ ಕಡೆ ಸವೆದಿದ್ದರೆ ಕಡಿಮೆಯದು. ಎಡ ಬದಿಯ ಸ್ಟಿಕ್ ಬೇಕೋ ಬಲ ಬದಿಯದೋ ಎಂಬುದನ್ನು ಬರೆಯುವ ಕೈ ನೋಡಿ ನಿರ್ಧರಿಸಬೇಡಿ. ಮಗುವಿನ ಕೈಗೆ ಉದ್ದ ಹಿಡಿಯ ಪೊರಕೆ ಕೊಟ್ಟು ಗುಡಿಸಲು ಹೇಳಿ, ಯಾವ ಕೈ ತಾನಾಗಿ ಕೆಳಗೆ ಹೋಗುತ್ತದೆಯೋ ಅದೇ ಅದರ ಬದಿ. ದುಬಾರಿ ಸ್ಟಿಕ್ ಹಗುರವಾಗಿರುತ್ತದೆ, ಚುರುಕಾಗಿರುತ್ತದೆ, ಇದನ್ನು ಅಲ್ಲಗಳೆಯುವುದಿಲ್ಲ. ಆದರೆ ಎದುರಾಳಿಯ ಒಂದೇ ಏಟಿಗೆ ಅದು ಮುರಿಯಬಹುದು. ಮುರಿದ ಸ್ಟಿಕ್ಕನ್ನು ಕೈಯಲ್ಲಿ ಹಿಡಿದು ಆಡುವುದಕ್ಕೆ ನಿಯಮವೂ ಬಿಡುವುದಿಲ್ಲ. ಒಂದು ದುಬಾರಿಗಿಂತ ಒಂದೇ ಅಳತೆಯ ಎರಡು ಸಾಧಾರಣ ಸ್ಟಿಕ್ ವಾಸಿ.

ಹೆಲ್ಮೆಟ್ ವಿಷಯದಲ್ಲಿ ಆಟಗಾರರ ಹಟ ಹಳೆಯದು. ಉತ್ತರ ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಎಚ್‌ಎಲ್‌ನಲ್ಲಿ 1979ರಿಂದ ಹೊಸದಾಗಿ ಸೇರುವವರಿಗೆ ಹೆಲ್ಮೆಟ್ ಕಡ್ಡಾಯವಾಯಿತು, ಆದರೂ ಅದಕ್ಕೆ ಮೊದಲೇ ಸಹಿ ಹಾಕಿದ್ದ ಕ್ರೇಗ್ ಮ್ಯಾಕ್‌ಟಾವಿಶ್ 1997ರವರೆಗೂ ಬರಿತಲೆಯಲ್ಲಿಯೇ ಆಡಿದರು. ಅದನ್ನು ಧೈರ್ಯವೆಂದು ಹೊಗಳುವವರಿದ್ದಾರೆ, ನಾನು ಆ ಪೈಕಿಯಲ್ಲ. ಹೆಲ್ಮೆಟ್ ಹುಬ್ಬಿನಿಂದ ಒಂದು ಬೆರಳಿನಷ್ಟು ಮೇಲೆ ಕೂರಬೇಕು, ಪಟ್ಟಿ ಕಟ್ಟದೆಯೇ ತಲೆ ಅಲ್ಲಾಡಿಸಿದಾಗ ಅದು ತಲೆಯೊಂದಿಗೇ ತಿರುಗಬೇಕು, ಪಟ್ಟಿ ಮತ್ತು ಗದ್ದದ ನಡುವೆ ಒಂದು ಬೆರಳು ಮಾತ್ರ ಹಿಡಿಯಬೇಕು. ಯಾವ ಹೆಲ್ಮೆಟ್ಟೂ ಮಿದುಳಿಗೆ ಬೀಳುವ ಆಘಾತವನ್ನು ಪೂರ್ತಿ ತಡೆಯಲಾರದು. ಪೂರ್ತಿ ತಡೆಯುತ್ತದೆ ಎಂದು ಮಾರುವವರ ಮಾತನ್ನು ನಂಬಬೇಡಿ. ಹವ್ಯಾಸಿ ಆಟದಲ್ಲಿ ಪಾರದರ್ಶಕ ಅರ್ಧ ಕವಚಕ್ಕಿಂತ ತಂತಿಯ ಜಾಲರಿಯೇ ನನ್ನ ಆಯ್ಕೆ. ಅದಕ್ಕೆ ಮಂಜು ಕಟ್ಟುವುದಿಲ್ಲ, ಹಲ್ಲೂ ಉಳಿಯುತ್ತದೆ. ಪಕ್ ಎಂದರೆ 156ರಿಂದ 170 ಗ್ರಾಂ ತೂಗುವ ಗಟ್ಟಿ ರಬ್ಬರು. ಪಂದ್ಯಕ್ಕೆ ಮುಂಚೆ ಅದನ್ನು ಹೆಪ್ಪುಗಟ್ಟಿಸಿ ಇನ್ನಷ್ಟು ಗಡುಸು ಮಾಡಿರುತ್ತಾರೆ.

ಕತ್ತಿನ ಪಟ್ಟಿಯ ಬಗ್ಗೆ ನನ್ನ ಅಭಿಪ್ರಾಯ ಮೊದಲು ಹೀಗಿರಲಿಲ್ಲ. ಬೆವರು, ತುರಿಕೆ ಎಂದು ಅದನ್ನು ಎಷ್ಟೋ ವರ್ಷ ಚೀಲದ ತಳದಲ್ಲಿಯೇ ಇಟ್ಟಿದ್ದೆ. 1989ರ ಮಾರ್ಚ್‌ನಲ್ಲಿ ಬಫಲೋ ಸೇಬರ್ಸ್ ತಂಡದ ಗೋಲ್‌ಕೀಪರ್ ಕ್ಲಿಂಟ್ ಮಲಾರ್ಚಕ್ ಅವರ ಕತ್ತಿಗೆ ಸ್ಕೇಟ್ ಬ್ಲೇಡ್ ತಗುಲಿ ರಕ್ತನಾಳ ಕತ್ತರಿಸಿಹೋಗಿತ್ತು, ಅವರು ಬದುಕುಳಿದರು. 2023ರ ಅಕ್ಟೋಬರ್ 28ರಂದು ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಅಂಥದೇ ಗಾಯವಾದ ನಾಟಿಂಗ್‌ಹ್ಯಾಮ್ ಪ್ಯಾಂಥರ್ಸ್ ಆಟಗಾರ ಆಡಂ ಜಾನ್ಸನ್ ಉಳಿಯಲಿಲ್ಲ. ಅದರ ಬೆನ್ನಿಗೇ ಅಂತರರಾಷ್ಟ್ರೀಯ ಐಸ್ ಹಾಕಿ ಒಕ್ಕೂಟ ತನ್ನ ಪಂದ್ಯಗಳಲ್ಲಿ ಕತ್ತಿನ ರಕ್ಷಣೆಯನ್ನು ಕಡ್ಡಾಯ ಮಾಡಿತು. ಕೊಳ್ಳುವಾಗ ಬರೀ ಸ್ಪಂಜಿನ ಪಟ್ಟಿ ಬೇಡ; ಕೊಯ್ತ ತಡೆಯುವ ಅರಾಮಿಡ್‌ನಂಥ ನೂಲಿನದನ್ನೇ ಕೇಳಿ, ಅದು ಕೊರಳ ಸುತ್ತ ಅಂತರವಿಲ್ಲದೆ ಕೂರಲಿ. ಅದೇ ನೂಲಿನ ಕಾಲುಚೀಲಗಳೂ ಸಿಗುತ್ತವೆ. ಹಿಮ್ಮಡಿಯ ಹಿಂದಿನ ಸ್ನಾಯುರಜ್ಜು ಬೂಟಿನ ಮೇಲೆ ತೆರೆದೇ ಇರುವುದರಿಂದ ಅವನ್ನೂ ಕೊಂಡುಕೊಳ್ಳಿ.

ಉಳಿದ ಪ್ಯಾಡ್‌ಗಳಲ್ಲಿ ನೋಡಬೇಕಾದದ್ದು ಸಂದುಗಳನ್ನು. ಶಿನ್ ಗಾರ್ಡ್‌ನ ಬಟ್ಟಲಿನ ನಡುವೆ ಮೊಣಕಾಲ ಚಿಪ್ಪು ಕೂತು, ಅದರ ಕೆಳತುದಿ ಸ್ಕೇಟ್‌ನ ನಾಲಗೆಗೆ ತಾಗುವಂತಿರಬೇಕು. ಪ್ಯಾಂಟ್‌ನ ಕೆಳ ಅಂಚು ಆ ಬಟ್ಟಲಿನ ಮೇಲಂಚಿನವರೆಗೆ ಬರಬೇಕು. ಮೊಣಕೈ ಪ್ಯಾಡ್ ಮತ್ತು ಗ್ಲೌಸ್ ನಡುವೆ ಒಂದೆರಡು ಬೆರಳಿಗಿಂತ ಹೆಚ್ಚು ಚರ್ಮ ಕಾಣಬಾರದು. ಎದುರಾಳಿಯ ಸ್ಟಿಕ್ ಹೇಗೋ ಹುಡುಕಿಕೊಂಡು ಬಂದು ಬೀಳುವುದು ಆ ಸಂದಿನ ಮೇಲೆಯೇ. ಗ್ಲೌಸ್‌ನ ಅಂಗೈ ತೆಳುವಾಗಿದ್ದಷ್ಟೂ ಸ್ಟಿಕ್‌ನ ಸ್ಪರ್ಶ ಚೆನ್ನಾಗಿ ತಿಳಿಯುತ್ತದೆ, ಆದರೆ ಬೇಗ ತೂತಾಗುತ್ತದೆ. ಅಂಗೈಯನ್ನು ಮಾತ್ರ ಬದಲಾಯಿಸಿ ಹೊಲಿಸಬಹುದು.

ಹಣ ಉಳಿಸಬೇಕಾದರೆ ಪ್ಯಾಂಟ್, ಶಿನ್ ಗಾರ್ಡ್, ಭುಜದ ಪ್ಯಾಡ್‌ಗಳನ್ನು ಬಳಸಿದ್ದೇ ಕೊಳ್ಳಿ, ಅದರಲ್ಲಿ ನಷ್ಟವಿಲ್ಲ. ಬಳಸಿದ ಹೆಲ್ಮೆಟ್ ಮಾತ್ರ ಬೇಡವೇ ಬೇಡ, ಅದು ಹಿಂದೆ ಎಷ್ಟು ಏಟು ತಿಂದಿದೆ ಎಂದು ಹೊರಗಿನಿಂದ ತಿಳಿಯುವುದಿಲ್ಲ. ಬಳಸಿದ ಸ್ಕೇಟ್ ಇನ್ನೊಬ್ಬರ ಪಾದಕ್ಕೆ ಒಗ್ಗಿರುತ್ತದೆ. ಕೊಳ್ಳಲೇಬೇಕಾದರೆ ಉಕ್ಕು ಎಷ್ಟು ಎತ್ತರ ಉಳಿದಿದೆ, ತಳದ ರಿವೆಟ್‌ಗಳು ಸಡಿಲವಾಗಿವೆಯೇ, ತುಕ್ಕು ಹಿಡಿದಿದೆಯೇ ಎಂದು ನೋಡಿ.

ಧರಿಸುವಾಗ ಕೆಳಗಿನಿಂದ ಮೇಲಕ್ಕೆ ಹೋಗಿ: ಮೊದಲು ಜಾಕ್ (ತೊಡೆಸಂದಿನ ರಕ್ಷಾಕವಚ), ಶಿನ್ ಗಾರ್ಡ್, ಅದರ ಮೇಲೆ ಉದ್ದನೆಯ ಕಾಲುಚೀಲ, ಪ್ಯಾಂಟ್, ಸ್ಕೇಟ್, ಆಮೇಲೆ ಭುಜ, ಮೊಣಕೈ, ಕತ್ತು, ಜೆರ್ಸಿ, ಹೆಲ್ಮೆಟ್, ಕೊನೆಗೆ ಗ್ಲೌಸ್. ಭುಜದ ಪ್ಯಾಡ್ ಹಾಕಿಕೊಂಡ ಮೇಲೆ ಬಗ್ಗಿ ಲೇಸ್ ಕಟ್ಟುವುದು ಎಂಥ ಹೆಣಗಾಟ ಎಂದು ಒಮ್ಮೆ ಮಾಡಿ ನೋಡಿದವರಿಗೇ ಗೊತ್ತು.

ಆಟ ಮುಗಿದ ಮೇಲೆ ಬ್ಲೇಡನ್ನು ಬಟ್ಟೆಯಿಂದ ಒರೆಸಿ, ಬಟ್ಟೆಯ ಮೆತ್ತನೆಯ ಕವರ್ ಹಾಕಿ. ಗಟ್ಟಿ ಪ್ಲಾಸ್ಟಿಕ್ ಕವರ್ ನಡೆಯುವಾಗ ಮಾತ್ರ. ಅದರೊಳಗೆ ಬಿಟ್ಟರೆ ತೇವ ಅಲ್ಲಿಯೇ ನಿಂತು ಬೆಳಗಾಗುವುದರೊಳಗೆ ಅಂಚಿಗೆ ತುಕ್ಕು ಬರುತ್ತದೆ. ಮನೆಗೆ ಹೋದ ಕೂಡಲೇ ಚೀಲ ಬಿಚ್ಚಿ, ಪ್ರತಿಯೊಂದನ್ನೂ ಗಾಳಿಗೆ ಹರಡಿ, ಬೂಟಿನೊಳಗಿನ ಅಟ್ಟೆಯನ್ನು ಹೊರತೆಗೆದು ಒಣಗಿಸಿ. ಖಾಲಿ ಚೀಲದ ಹೊರಜೇಬಿನಲ್ಲಿ ಒಂದು ಜೊತೆ ಲೇಸ್, ಒಂದು ಸುರುಳಿ ಟೇಪ್, ಹೆಲ್ಮೆಟ್ಟಿನ ತಿರುಪುಗಳಿಗೆ ಒಂದು ಪುಟ್ಟ ಸ್ಕ್ರೂಡ್ರೈವರ್ ಮತ್ತು ಆ ನಾಣ್ಯ ಸದಾ ಇರಲಿ.