ಸುಂಟರಗಾಳಿಯ ನಾಡಿಗೆ ಬಂದಿರುವ ಹೊಸಬರಿಗೆ: ಮನೆ ಗೊತ್ತು ಮಾಡುವ ಮೊದಲು ಓದಿ

ಡಲ್ಲಾಸ್‌ನಲ್ಲಿ ಕೆಲಸ ಸಿಕ್ಕಿತು ಅಂದ ಕೂಡಲೇ ಊರಿನಿಂದ ಫೋನ್ ಬರುತ್ತದೆ, "ಅಲ್ಲಿ ಟೊರ್ನಾಡೊ ಬರುತ್ತಂತಲ್ಲ?" ಹೌದು, ಬರುತ್ತದೆ. ಹಾಗಂತ ಕೆಲಸ ಬಿಡಬೇಕಾಗಿಲ್ಲ. ಸಾವಿರಾರು ಕನ್ನಡ ಕುಟುಂಬಗಳು ಇಲ್ಲೇ ಮಕ್ಕಳನ್ನು ಬೆಳೆಸಿವೆ. ಆದರೆ ಮನೆ ಹುಡುಕುವಾಗಲೇ ಇದನ್ನು ತಲೆಯಲ್ಲಿ ಇಟ್ಟುಕೊಳ್ಳಿ.

ಎಲ್ಲಿ, ಯಾವಾಗ

ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 1,200 ಸುಂಟರಗಾಳಿಗಳು ದಾಖಲಾಗುತ್ತವೆ. ಕ್ಯಾಲಿಫೋರ್ನಿಯಾ, ಸಿಯಾಟಲ್ ಕಡೆಯಿಂದ ಬಂದವರು ಒಂದನ್ನೂ ಕಂಡಿರುವುದಿಲ್ಲ. ಗಲ್ಫ್ ಆಫ್ ಮೆಕ್ಸಿಕೊ ಕಡಲಿನ ತೇವದ ಬಿಸಿಗಾಳಿ, ಪಶ್ಚಿಮದ ಒಣಗಾಳಿ, ಎತ್ತರದಲ್ಲಿ ಬೀಸುವ ಜೋರು ಗಾಳಿ, ಮೂರೂ ಸೇರುವುದು ರಾಕಿ ಬೆಟ್ಟಗಳ ಪೂರ್ವಕ್ಕೆ.

ಟೆಕ್ಸಾಸ್, ಒಕ್ಲಹೋಮ, ಕಾನ್ಸಸ್‌ನಲ್ಲಿ ಏಪ್ರಿಲ್‌ನಿಂದ ಜೂನ್‌ವರೆಗೆ ಜಾಸ್ತಿ. ಬಯಲು ಸೀಮೆ, ದೂರದಿಂದಲೇ ಕಾಣುತ್ತದೆ. ಒಕ್ಲಹೋಮದ ಮೂರ್ ಪಟ್ಟಣಕ್ಕೆ 1999ರಲ್ಲೂ 2013ರಲ್ಲೂ ಅತಿ ಜೋರಿನ ಸುಂಟರಗಾಳಿ ಬಡಿಯಿತು. ಆಮೇಲೆ ಅಲ್ಲಿನ ನಗರಾಡಳಿತ ಹೊಸ ಮನೆಗಳು ಗಂಟೆಗೆ 135 ಮೈಲಿ ಗಾಳಿ ತಡೆಯಬೇಕು ಎಂದು ನಿಯಮ ಮಾಡಿತು.

ಅಲಬಾಮ, ಮಿಸಿಸಿಪಿ, ಟೆನಿಸಿ ಕಡೆ ಹೋಗುವವರು ಇನ್ನೂ ಹುಷಾರಾಗಿರಬೇಕು. ಅಲ್ಲಿ ಗುಡ್ಡ, ಮರಗಳ ಮರೆಯಲ್ಲಿ ಬರುವುದು ಕಾಣುವುದಿಲ್ಲ. ರಾತ್ರಿ ಬರುವುದು ಜಾಸ್ತಿ, ನವೆಂಬರ್-ಡಿಸೆಂಬರ್‌ನಲ್ಲೂ ಬರುತ್ತದೆ. 2020ರ ಮಾರ್ಚ್ 3ರಂದು ನ್ಯಾಶ್‌ವಿಲ್‌ಗೆ ಬಡಿದದ್ದು ನಡುರಾತ್ರಿ ಕಳೆದ ಮೇಲೆ.

ಶಿಕಾಗೊ ಕಡೆ ಕಡಿಮೆ, ಆದರೆ ಇಲ್ಲವೇ ಇಲ್ಲ ಅಂದುಕೊಳ್ಳಬೇಡಿ. ನಮ್ಮವರು ತುಂಬಾ ಇರುವ ನೇಪರ್‌ವಿಲ್‌ಗೂ 2021ರ ಜೂನ್‌ನಲ್ಲಿ ಬಂದಿತ್ತು.

ಮನೆ ನೋಡುವಾಗ

ನಮ್ಮವರು ಬಾಗಿಲು ಪೂರ್ವಕ್ಕಿದೆಯಾ ಎಂದು ಕೇಳುತ್ತಾರೆ, ಶಾಲೆಯ ರೇಟಿಂಗ್ ನೋಡುತ್ತಾರೆ, ದೇವಸ್ಥಾನ ಎಷ್ಟು ದೂರ ಎಂದು ಅಳೆಯುತ್ತಾರೆ. ಕೆಳಮಹಡಿಯಲ್ಲಿ ಕಿಟಕಿ ಇಲ್ಲದ ಕೋಣೆ ಯಾವುದು ಎಂದು ಮಾತ್ರ ಒಬ್ಬರೂ ಕೇಳುವುದಿಲ್ಲ. ದಯವಿಟ್ಟು ಕೇಳಿ.

ಕಾನ್ಸಸ್, ಇಲಿನಾಯ್ಸ್‌ನಲ್ಲಿ ಚಳಿಗೆ ನೆಲ ಆಳದವರೆಗೆ ಹೆಪ್ಪುಗಟ್ಟುವುದರಿಂದ ಅಡಿಪಾಯ ಆಳ ತೋಡಲೇಬೇಕು. ಹಾಗಾಗಿ ಬೇಸ್‌ಮೆಂಟ್ (ನೆಲದಡಿಯ ಮಹಡಿ) ಸಾಮಾನ್ಯ. ಡಲ್ಲಾಸ್‌ನಲ್ಲಿ ಆ ಚಳಿಯೂ ಇಲ್ಲ, ಜೊತೆಗೆ ನೆಲ ಜೇಡಿಮಣ್ಣು, ನೆನೆದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸ್‌ಮೆಂಟ್ ಸಿಗುವುದು ಅಪರೂಪ. ಇಲ್ಲಿ ನಿಮಗೆ ಆಸರೆ ಕೆಳಮಹಡಿಯ ನಡುವಿನ ಬಾತ್‌ರೂಮ್ ಅಥವಾ ಮೆಟ್ಟಿಲ ಕೆಳಗಿನ ಕ್ಲಾಸೆಟ್ (ಸಾಮಾನು ಇಡುವ ಪುಟ್ಟ ಕೋಣೆ).

ಆ ಕ್ಲಾಸೆಟ್‌ನಲ್ಲಿ ನಾವೆಲ್ಲ ಏನು ಇಟ್ಟಿರುತ್ತೇವೆ ಗೊತ್ತಲ್ವಾ? ಊರಿಗೆ ಹೋಗುವ ದೊಡ್ಡ ಸೂಟ್‌ಕೇಸ್‌ಗಳು, ಅಕ್ಕಿ ಮೂಟೆ, ಗಣಪತಿ ಹಬ್ಬದ ಮಂಟಪ. ವಾರ್ನಿಂಗ್ ಬಂದಾಗ ಅದನ್ನೆಲ್ಲ ಎಳೆದು ಹಾಕಲು ಸಮಯ ಇರುವುದಿಲ್ಲ. ಮಾರ್ಚ್ ಬರುವ ಮೊದಲೇ ಖಾಲಿ ಮಾಡಿ.

ಅಪಾರ್ಟ್‌ಮೆಂಟ್‌ನ ಮೂರನೇ ಮಹಡಿಯಲ್ಲಿದ್ದರೆ ಕೆಳಗಿನ ಮನೆಯವರ ಪರಿಚಯ ಈಗಲೇ ಮಾಡಿಕೊಳ್ಳಿ. ಸಂಕೋಚ ಬೇಡ. ಬಾಡಿಗೆ ಕಡಿಮೆ ಎಂದು ಮೊಬೈಲ್ ಹೋಮ್‌ಗೆ (ಕಾರ್ಖಾನೆಯಲ್ಲಿ ಮಾಡಿ ತಂದಿಡುವ ಹಗುರ ಮನೆ) ಹೋಗಬೇಡಿ, ಅದು ಜೋರು ಗಾಳಿಗೆ ನಿಲ್ಲುವುದಿಲ್ಲ.

ವಾಚ್, ವಾರ್ನಿಂಗ್

ಹವಾಮಾನ ಇಲಾಖೆಯ ಎಚ್ಚರಿಕೆ ಎರಡು ಬಗೆ. ವಾಚ್ ಅಂದರೆ ಸುಂಟರಗಾಳಿ ಬರಬಹುದು, ಫೋನ್ ಚಾರ್ಜ್ ಮಾಡಿ. ವಾರ್ನಿಂಗ್ ಅಂದರೆ ಬಂದಿದೆ ಅಥವಾ ಬರುವ ಹಾಗಿದೆ, ತಕ್ಷಣ ಒಳಗೆ ಹೋಗಿ. ಬಾಲ್ಕನಿಗೆ ಹೋಗಿ ವಿಡಿಯೊ ಮಾಡಬೇಡಿ. ಕಿಟಕಿ ತೆರೆದಿಟ್ಟರೆ ಒಳ್ಳೆಯದು ಎನ್ನುವುದು ಸುಳ್ಳು. ಸೈರನ್ ಇರುವುದು ಹೊರಗಿದ್ದವರಿಗೆ, ಮಲಗಿದ್ದರೆ ಕೇಳದಿರಬಹುದು. ಫೋನ್‌ನ ತುರ್ತು ಅಲರ್ಟ್ ಆಫ್ ಮಾಡಲೇಬೇಡಿ. ಡಲ್ಲಾಸ್‌ನಲ್ಲಿ ತಿಂಗಳ ಮೊದಲ ಬುಧವಾರ ಮಧ್ಯಾಹ್ನ 12ಕ್ಕೆ ಸೈರನ್ ಕೂಗಿದರೆ ಅದು ಪರೀಕ್ಷೆ, ಗಾಬರಿ ಬೇಡ.

ಕಾರಿನಲ್ಲಿ ತಪ್ಪಿಸಿಕೊಂಡು ಹೋಗುತ್ತೇನೆ ಎನ್ನಬೇಡಿ. 2015ರ ಡಿಸೆಂಬರ್ 26ರ ರಾತ್ರಿ ಡಲ್ಲಾಸ್ ಪಕ್ಕದ ಗಾರ್ಲೆಂಡ್‌ನಲ್ಲಿ ಸುಂಟರಗಾಳಿಗೆ ಸತ್ತವರಲ್ಲಿ ಹೆಚ್ಚಿನವರು ಹೆದ್ದಾರಿಯಲ್ಲಿ ವಾಹನಗಳೊಳಗೆ ಇದ್ದವರು. ಸೇತುವೆಯ ಕೆಳಗೆ ನಿಲ್ಲುವುದೂ ಅಪಾಯವೇ.

ಕ್ಲಾಸೆಟ್‌ನಲ್ಲಿ ಇರಬೇಕಾದದ್ದು

- ಎಲ್ಲರ ಶೂ (ನಾವು ಬಾಗಿಲ ಬಳಿ ಬಿಡುತ್ತೇವೆ, ಆಮೇಲೆ ಮನೆ ತುಂಬ ಗಾಜು, ಮೊಳೆ)
- ಮಕ್ಕಳ ಸೈಕಲ್ ಹೆಲ್ಮೆಟ್
- ಪಾಸ್‌ಪೋರ್ಟ್, ವೀಸಾ ಕಾಗದಗಳು
- ಟಾರ್ಚ್, ನೀರು, ಮಾತ್ರೆ

ವಿಮೆ

ನಮ್ಮ ಸಂಘದಲ್ಲಿ ಹಲವರಿಗೆ ಏಟು ಬಿದ್ದಿರುವುದು ಇಲ್ಲೇ. ಹಾನಿಯಾದಾಗ ಕೈಯಿಂದ ಕಟ್ಟುವುದು (ಡಿಡಕ್ಟಿಬಲ್) ಸಾವಿರ ಡಾಲರ್ ಎಂದುಕೊಂಡಿರುತ್ತಾರೆ. ಆದರೆ ಟೆಕ್ಸಾಸ್‌ನ ಅನೇಕ ಪಾಲಿಸಿಗಳಲ್ಲಿ ಗಾಳಿಗೂ ಆಲಿಕಲ್ಲಿಗೂ ಬೇರೆ ಲೆಕ್ಕ. ಅಲ್ಲಿ ಡಿಡಕ್ಟಿಬಲ್ ಶೇಕಡಾವಾರು. ಮನೆಗೆ 4 ಲಕ್ಷ ಡಾಲರ್ ವಿಮೆ ಇದ್ದು ಶೇ 2 ಎಂದು ಬರೆದಿದ್ದರೆ, ಮೊದಲ 8,000 ಡಾಲರ್ ನಿಮ್ಮದೇ. ಏಜೆಂಟ್ ಬಾಯಿಮಾತಿನಲ್ಲಿ ಹೇಳಿದ್ದನ್ನು ನಂಬಿ ಸಹಿ ಹಾಕಬೇಡಿ. ಆ ಪುಟ ತೆರೆದು, ಸಂಖ್ಯೆ ಓದಿ, ಅರ್ಥವಾಗದಿದ್ದರೆ ಸಂಘದ ಯಾರಿಗಾದರೂ ತೋರಿಸಿ. ಬಾಡಿಗೆ ಮನೆಯವರೂ ರೆಂಟರ್ಸ್ ವಿಮೆ ಮಾಡಿಸಿ, ಮಾಲೀಕರ ವಿಮೆ ನಿಮ್ಮ ಸಾಮಾನಿಗೆ ಬರುವುದಿಲ್ಲ. ಮನೆಯ ಪ್ರತಿ ಕೋಣೆಯ ವಿಡಿಯೊ ತೆಗೆದು ಫೋನ್‌ನ ಆಚೆ ಎಲ್ಲಾದರೂ ಉಳಿಸಿಡಿ. ಬಿರುಗಾಳಿಯ ಮರುದಿನ ಬಾಗಿಲು ತಟ್ಟಿ "ರೂಫ್ ಫ್ರೀ ಆಗಿ ಮಾಡಿಕೊಡುತ್ತೇವೆ" ಎನ್ನುವವರ ಕಾಗದಕ್ಕೆ ಅವತ್ತೇ ಸಹಿ ಬೇಡ.

ಊರಿನಿಂದ ಅಪ್ಪ ಅಮ್ಮ ಬಂದಿದ್ದರೆ

ಹಗಲು ಮನೆಯಲ್ಲಿ ಅವರಿಬ್ಬರೇ ಇರುತ್ತಾರೆ. ಅಲರ್ಟ್ ಇಂಗ್ಲಿಷ್‌ನಲ್ಲಿ ಬರುತ್ತದೆ. ಬಂದ ಮೊದಲ ವಾರವೇ ಕೈ ಹಿಡಿದು ಕ್ಲಾಸೆಟ್ ತೋರಿಸಿ, ಆ ಶಬ್ದ ಕೇಳಿಸಿ, ಒಲೆ ಆರಿಸಿ ಒಳಗೆ ಹೋಗಿ ಕೂರಬೇಕು ಎಂದು ಹೇಳಿಕೊಡಿ. ಪಕ್ಕದ ಕನ್ನಡ ಮನೆಯವರ ನಂಬರ್ ದೊಡ್ಡ ಅಕ್ಷರದಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿ.